ಮಾತ್ರೆ ಬಿಟ್ಟು ಹೇಳಿಸಿದ ಸಾಕ್ಷಿ

ಆ ಶನಿವಾರ ಬೆಳಿಗ್ಗೆ ಎಂಟೂವರೆಗೆ ಜೆ.ಪಿ. ನಗರದ ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಅವರೆಕಾಳು ಹಿಸುಕುತ್ತಿದ್ದೆ. ಕೋವಿಡ್ ಕಳೆದು ಎರಡನೆಯ ವರ್ಷದ ಜನವರಿ. ಫೋನ್ ಬಡಿದುಕೊಂಡಾಗ ಎರಡೂ ಕೈಗೆ ಲೋಳೆ ಮೆತ್ತಿತ್ತು. ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ.

"ಆಂಟಿ, ನಾನು ಪ್ರಭಾಕರ. ಸುಗುಣಂಗೆ ಫಿಟ್ಸ್ ಬಂದಿದೆ. ನಿಲ್ತಾನೇ ಇಲ್ಲ."

"ಯಾವಾಗಿಂದಪ್ಪ?"

"ಅರ್ಧ ಗಂಟೆ ಆಯ್ತು. ಆಟೋದಲ್ಲಿ ಹಾಕ್ಕೊಂಡು ಜಯನಗರದ ಆಸ್ಪತ್ರೆಗೆ ಬಂದಿದೀನಿ. ಆಂಟಿ, ಅವಳಿಗೆ ವಾಸಿ ಆಗಿತ್ತಲ್ವಾ?"

ಬರ್ತೀನಿ ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದೆ.

ನನಗೆ ಕಚೇರಿ ಇರಲಿಲ್ಲ, ಪೆನ್ಶನ್ನೂ ಇಲ್ಲ. ಗಂಡನ ಮನೆ, ಎರಡು ಮಕ್ಕಳು, ಅಡುಗೆ, ಅದರಾಚೆ ನಮ್ಮ ಚರ್ಚಿನ ಸಭೆಯ ಸ್ತ್ರೀಯರ ಕೂಟದಲ್ಲಿ ಮನೆಭೇಟಿಯ ಜವಾಬ್ದಾರಿ. ಅದನ್ನೇ ನನ್ನ ಉದ್ಯೋಗ ಎನ್ನುವುದಾದರೆ ಇಪ್ಪತ್ತೆರಡು ವರ್ಷದ ಸರ್ವೀಸು. ಹೆರಿಗೆಯಾದವರ ಮನೆಗೆ, ಸತ್ತವರ ಮನೆಗೆ, ಆಪರೇಷನ್ ಆದವರ ಮನೆಗೆ ಹೋಗುವುದು, ಒಂದು ಅಧ್ಯಾಯ ಓದುವುದು, ಪ್ರಾರ್ಥಿಸುವುದು, ಡಬ್ಬಿಯಲ್ಲಿ ಒಯ್ದ ಸಾರು ಕೊಟ್ಟು ಬರುವುದು. ಇದರ ಜೊತೆಗೆ ವಿಶೇಷ ಭಾನುವಾರಗಳಲ್ಲಿ ಸಾಕ್ಷಿ ಹೇಳುವವರನ್ನು ಆರಿಸುವ ಕೆಲಸವೂ ನನ್ನದೇ ಆಗಿತ್ತು. ಸಾಕ್ಷಿ ಎಂದರೆ, ದೇವರು ತನ್ನ ಬದುಕಿನಲ್ಲಿ ಮಾಡಿದ ಉಪಕಾರವನ್ನು ಒಬ್ಬರು ಸಭೆಯ ಮುಂದೆ ನಿಂತು ಹೇಳುವುದು. ಐದು ನಿಮಿಷದ ಮಾತು. ಕೇಳಿದವರ ನಂಬಿಕೆ ಬಲವಾಗಬೇಕು ಎಂಬುದು ಅದರ ಉದ್ದೇಶ.

ಸುಗುಣ ಜರಗನಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದಳು. ಮೂವತ್ತಮೂರು ವಯಸ್ಸು, ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಗಂಡ ಪ್ರಭಾಕರ ಕೋಣನಕುಂಟೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಿಶಿಯನ್. ಹನ್ನೆರಡನೆಯ ವಯಸ್ಸಿನಿಂದ ಅವಳಿಗೆ ಫಿಟ್ಸ್ ಇತ್ತು. ಮೊದಲ ಸಲ ನಾನು ಅವರ ಮನೆಗೆ ಹೋದಾಗ ವಾರಕ್ಕೊಮ್ಮೆ ಬೀಳುತ್ತಿದ್ದಳು. ಹೊಲಿಗೆ ಯಂತ್ರದ ಮೂಲೆ ತಾಗಿ ಹಣೆಯಲ್ಲಿ ಗಾಯವಾಗಿತ್ತು. ನಾವು ಪ್ರತಿ ಬುಧವಾರ ಅವಳ ಮನೆಯಲ್ಲಿ ಪ್ರಾರ್ಥನೆ ಇಟ್ಟೆವು. ಅದೇ ತಿಂಗಳು ಸರ್ಕಾರಿ ಆಸ್ಪತ್ರೆಯ ಹೊಸ ಡಾಕ್ಟರು ಮಾತ್ರೆ ಬದಲಾಯಿಸಿ, ಬೆಳಿಗ್ಗೆ ಒಂದು ರಾತ್ರಿ ಒಂದು ತಪ್ಪದೆ ತೆಗೆದುಕೊಳ್ಳಬೇಕು ಎಂದಿದ್ದರು. ಹನ್ನೊಂದು ತಿಂಗಳು ಅವಳು ಒಂದು ಸಲವೂ ಬೀಳಲಿಲ್ಲ. ಎರಡೂ ಒಟ್ಟಿಗೆ ನಡೆದದ್ದು ನನಗೆ ಗೊತ್ತಿತ್ತು. ಹೊಸ ಚೀಟಿಯನ್ನು ಓದಿ ಹೇಳಿದ್ದೇ ನಾನು.

ನವೆಂಬರಿನಲ್ಲಿ ನಮ್ಮ ಸಭೆಯ ಬೆಳೆಹಬ್ಬ. ಸಾಕ್ಷಿಗೆ ಸುಗುಣಳನ್ನು ಆರಿಸಿದೆ. ಅವಳಿಗೆ ಜನರ ಮುಂದೆ ಮಾತಾಡಲು ಭಯ, ಅದಕ್ಕೆ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದುಕೊಂಡು ತಂದು ನನಗೆ ತೋರಿಸಿದಳು. ದೇವರ ದಯೆಯಿಂದ, ಡಾಕ್ಟರು ಕೊಟ್ಟ ಮಾತ್ರೆಯಿಂದ ಈಗ ಹುಷಾರಾಗಿದ್ದೇನೆ ಎಂದು ಬರೆದಿದ್ದಳು. ನಾನು ಪೆನ್ನು ತೆಗೆದುಕೊಂಡು ಮಾತ್ರೆಯ ಮಾತನ್ನು ಹೊಡೆದುಹಾಕಿದೆ.

"ಮಾತ್ರೆ ವಿಷಯ ಬೇಡಮ್ಮ. ಮಹಿಮೆ ಪೂರ್ತಿ ದೇವರಿಗೇ ಹೋಗ್ಲಿ. ಸಂಪೂರ್ಣ ವಾಸಿಯಾಯ್ತು ಅಂತ ಹೇಳು."

"ಆದ್ರೆ ತಗೋತಾ ಇದೀನಲ್ಲ ಆಂಟಿ?"

"ತಗೋ, ಯಾರು ಬೇಡ ಅಂದ್ರು? ಅದನ್ನ ಮೈಕಲ್ಲಿ ಹೇಳ್ಬೇಕಾ?"

ಅವಳು ತಲೆಯಾಡಿಸಿದಳು. ಭಾನುವಾರ ನಾನು ತಿದ್ದಿದ ಹಾಗೆಯೇ ಓದಿದಳು. ಜನ ಅತ್ತರು. ಆರಾಧನೆ ಮುಗಿದ ಮೇಲೆ ಹೆಂಗಸರು ಅವಳನ್ನು ಸುತ್ತಿಕೊಂಡರು. ನಮ್ಮ ಕೂಟದ ಪ್ರೇಮ ಅವಳ ಗಲ್ಲ ಹಿಡಿದು, "ಇನ್ನು ಮಾತ್ರೆ ಗೀತ್ರೆ ಏನೂ ಇಲ್ಲ ತಾನೇ?" ಎಂದು ಕೇಳಿದಳು. ಸುಗುಣ ನನ್ನ ಕಡೆ ನೋಡಿದಳು. ನಾನು ಯಾರಿಗೋ ಕಾಫಿ ಲೋಟ ಕೊಡುತ್ತಿದ್ದೆ. "ಇಲ್ಲ ಅಕ್ಕ," ಎಂದಳು.

ಇಷ್ಟನ್ನೂ ಆ ಶನಿವಾರ ಆಟೋದಲ್ಲಿ ಕೂತು ನೆನೆದೆ. ಸಣ್ಣಸಣ್ಣ ಕೃಪೆಗಳನ್ನು ಎಣಿಸುವುದು ನನ್ನ ಹಳೆಯ ಅಭ್ಯಾಸ. ಆಟೋ ಕರೆದ ಕೂಡಲೇ ಸಿಕ್ಕಿತು, ಒಂದು. ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಲ್ಲಬೇಕಾಗಲಿಲ್ಲ, ಎರಡು. ಮೂರನೆಯದು ಸಿಗಲಿಲ್ಲ.

ತುರ್ತು ವಿಭಾಗದ ಪರದೆಯ ಹಿಂದೆ ಸುಗುಣಳನ್ನು ಇಬ್ಬರು ನರ್ಸ್‌ಗಳು ಹಿಡಿದುಕೊಂಡಿದ್ದರು. ತುಟಿ ನೀಲಿಯಾಗಿತ್ತು. ಮಂಚದ ಕಂಬಿ ಅವಳ ಜೊತೆ ಅಲುಗಿ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ನಾನು ಎಷ್ಟೋ ಮಂಚಗಳ ಪಕ್ಕ ನಿಂತಿದ್ದೇನೆ. ಅಲ್ಲಿ ಮಾತ್ರ ಪರದೆಯ ಅಂಚಿನಲ್ಲೇ ನಿಂತೆ.

ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇದಕ್ಕೆ ಸ್ಟೇಟಸ್ ಎಪಿಲೆಪ್ಟಿಕಸ್ ಎನ್ನುತ್ತಾರೆ ಎಂದರು. ಫಿಟ್ಸ್ ಐದು ನಿಮಿಷ ದಾಟಿದರೇ ಅಪಾಯ, ಹೆಚ್ಚು ಹೊತ್ತು ನಡೆದರೆ ಮೆದುಳಿಗೆ ಪೆಟ್ಟು, ಜೀವಕ್ಕೂ ಪೆಟ್ಟು. ಪ್ರಜ್ಞೆ ತಪ್ಪಿಸುವ ಔಷಧಿ ಕೊಟ್ಟು ವೆಂಟಿಲೇಟರ್‌ಗೆ, ಅಂದರೆ ಉಸಿರಾಡಿಸುವ ಯಂತ್ರಕ್ಕೆ, ಹಾಕಬೇಕು ಎಂದರು. ಆಮೇಲೆ ಪ್ರಭಾಕರನ ಕಡೆ ತಿರುಗಿದರು.

"ಯಾವ ಮಾತ್ರೆ ತಗೋತಿದ್ರು? ಕೊನೇ ಸಲ ಯಾವಾಗ ತಗೊಂಡ್ರು?"

"ಪ್ರತಿ ತಿಂಗಳು ತರ್ತಿದ್ಲು ಮೇಡಂ. ಆದ್ರೆ ಚರ್ಚಲ್ಲಿ ವಾಸಿಯಾಯ್ತು ಅಂದಳಲ್ಲ. ತಗೋತಿದ್ಲೋ ಇಲ್ವೋ ನಂಗೊತ್ತಿಲ್ಲ."

"ಗೊತ್ತಾಗ್ಲೇಬೇಕು. ಮಾತ್ರೆ ತಗೊಂಡೂ ಹೀಗಾಗಿದ್ರೆ ಮೆದುಳಲ್ಲಿ ಸೋಂಕಿದೆಯಾ ಅಂತ ಬೆನ್ನುಮೂಳೆಯಿಂದ ನೀರು ತೆಗೆದು ನೋಡ್ಬೇಕು. ನಿಲ್ಸಿದ್ರೆ ದಾರಿ ಬೇರೆ. ಮನೇಲಿ ಯಾರಾದ್ರೂ ನೋಡಿ ಬರ್ತೀರಾ?"

ಪ್ರಭಾಕರ ಅವಳ ಕಾಲು ಹಿಡಿದಿದ್ದ, ಬಿಡಲಿಲ್ಲ. ಬೀಗದ ಕೈಯನ್ನು ನನಗೆ ಕೊಟ್ಟ.

ಜರಗನಹಳ್ಳಿಯಲ್ಲಿ ಮನೆ ಒಡತಿ ಗೌರಮ್ಮ ಮೆಟ್ಟಿಲ ಮೇಲೇ ಕೂತಿದ್ದರು. ಊರು ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವರು. ಬುಧವಾರದ ನಮ್ಮ ಹಾಡು ಕೇಳಿ ಮೇಲಿನಿಂದ ಕಾಫಿ ಕಳಿಸುತ್ತಿದ್ದ ಹೆಂಗಸು. ನನ್ನನ್ನು ನೋಡಿ ಎದ್ದರು.

"ಉಳೀತಾಳಾ?"

"ಗೊತ್ತಿಲ್ಲಮ್ಮ. ಅವಳು ಮಾತ್ರೆ ಎಲ್ಲಿಡ್ತಾಳೆ ನಿಮಗೇನಾದ್ರೂ ಗೊತ್ತಾ?"

"ಮಿಷನ್ ಡ್ರಾ ನೋಡು. ಬಟ್ಟೆ ಚೂರಿನ ಕೆಳ್ಗೆ. ಮೂರು ಸತಿ ಬಿದ್ಲು ಕಣಮ್ಮ, ಹಬ್ಬ ಆದ್ಮೇಲೆ. ಗಂಡ ಡ್ಯೂಟಿಗೆ ಹೋದಾಗ. ನಾನೇ ಎತ್ತಿ ಮಲಗಿಸ್ದೆ. ಯಾರ್ಗೂ ಹೇಳ್ಬೇಡಿ ಗೌರಮ್ಮ, ಮುಖ್ಯವಾಗಿ ಸರೋಜ ಆಂಟಿಗೆ ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡ್ಲು."

ಸರೋಜ ಆಂಟಿ ಎಂದರೆ ನಾನೇ.

"ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದರು ಗೌರಮ್ಮ. "ಮಾತ್ರೆ ನುಂಗಿದ್ರೆ ನಿಮ್ ದೇವ್ರಿಗೆ ಸಿಟ್ಟು ಬರ್ತದಾ?"

ಡ್ರಾ ಎಳೆದೆ. ರವಿಕೆಯ ಲೈನಿಂಗ್ ಚೂರುಗಳ ಕೆಳಗೆ ಆಸ್ಪತ್ರೆಯ ಎರಡು ಕಂದು ಕವರು. ಒಂದೊಂದರಲ್ಲಿ ಹತ್ತು ಮಾತ್ರೆಯ ಆರಾರು ಪಟ್ಟಿ, ಒಟ್ಟು ಎರಡು ತಿಂಗಳದ್ದು. ಹನ್ನೊಂದು ಪಟ್ಟಿ ಮುಟ್ಟಿರಲಿಲ್ಲ. ಹನ್ನೆರಡನೆಯದರಲ್ಲಿ ಮೂರು ಮಾತ್ರೆ ಖಾಲಿ. ಮೂರು ಸಲ ಬಿದ್ದಳು, ಮೂರು ಸಲ ಹೆದರಿ ಒಂದೊಂದು ನುಂಗಿದ್ದಳು. ಆಮೇಲೆ ನಾನು ಹೇಳಿಸಿದ ಸಾಕ್ಷಿ ನೆನಪಾಗಿ ಮುಚ್ಚಿಟ್ಟಿರಬೇಕು. ನಾನು ಆ ನೆಲದ ಮೇಲೆ ಕೂತುಬಿಟ್ಟೆ. ಪ್ರಾರ್ಥನೆ ಬರಲಿಲ್ಲ. ಕರ್ತನೇ ಎಂದೆ, ಮುಂದಿನ ಶಬ್ದ ಹೊರಡಲಿಲ್ಲ.

ಗೌರಮ್ಮನೇ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಕೂತ್ಕೊಳ್ಳೋ ಹೊತ್ತಲ್ಲ ಇದು. ನಡಿ, ಡಾಕ್ಟ್ರಿಗೆ ತೋರ್ಸು."

ಡಾಕ್ಟರು ಕವರುಗಳನ್ನು ನೋಡಿ, "ಇಷ್ಟೇ ಬೇಕಾಗಿತ್ತು," ಎಂದು ಒಳಗೆ ಹೋದರು. ಆ ಹೊತ್ತಿಗೆ ಅವಳನ್ನು ಯಂತ್ರಕ್ಕೆ ಹಾಕಿದ್ದರು. ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. ಉಳಿದದ್ದು ಕಾಯುವುದು. ಎಪ್ಪತ್ತೆರಡು ಗಂಟೆ ಏನೂ ಹೇಳಲಾಗುವುದಿಲ್ಲ ಎಂದರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಕೂಟದ ಐದಾರು ಜನ ಬಂದರು. ಐಸಿಯು ಹೊರಗಿನ ಕುರ್ಚಿಗಳಲ್ಲಿ ಕೂತು ಮೆಲ್ಲಗೆ ಪ್ರಾರ್ಥಿಸಿದರು. ಪ್ರೇಮ ಕಣ್ಣು ಒರೆಸಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಸರೋಜಕ್ಕ, ಪಡೆದ ಸ್ವಸ್ಥತೆನ ಕಳ್ಕೊಂಡ್ಲು ನೋಡಿ. ಎಲ್ಲೋ ನಂಬಿಕೆ ಕಮ್ಮಿಯಾಗಿರ್ಬೇಕು."

ನಾನು ಸುಮ್ಮನಿರಬಹುದಿತ್ತು. ಪ್ರಭಾಕರ ಎದುರು ಗೋಡೆಗೆ ಒರಗಿ ನಿಂತಿದ್ದ.

"ಅವಳ ನಂಬಿಕೆ ಕಮ್ಮಿಯಾಗ್ಲಿಲ್ಲ ಪ್ರೇಮ," ಎಂದೆ. "ಅವಳು ಬರೆದದ್ರಲ್ಲಿ ಮಾತ್ರೆ ಇತ್ತು. ಅದನ್ನ ಹೊಡೆದುಹಾಕಿದವಳು ನಾನು. ಹೇಳಿದ ಸಾಕ್ಷಿ ಸುಳ್ಳಾಗ್ಬಾರ್ದು ಅಂತ ಅವಳು ಮಾತ್ರೆ ನಿಲ್ಸಿದಾಳೆ."

ಪ್ರಭಾಕರ ನಿಧಾನವಾಗಿ ನನ್ನ ಮುಂದೆ ಬಂದ. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಸುಲಭವಾಗುತ್ತಿತ್ತು.

"ನೀವು ಮನೆಗೆ ಹೋಗಿ," ಎಂದ. ಆಂಟಿ ಎನ್ನಲಿಲ್ಲ.

ಮಾರನೆಯ ದಿನ ಭಾನುವಾರ. ಆರಾಧನೆಗೆ ಮುಂಚೆ ಸಭಾಪಾಲಕರ ಕೋಣೆಗೆ ಹೋಗಿ ಸಭೆಯ ಮುಂದೆ ಮಾತಾಡಲು ಎರಡು ನಿಮಿಷ ಕೇಳಿದೆ. ವಿಷಯ ಕೇಳಿ ಅವರು ತಲೆ ತಗ್ಗಿಸಿ ಕೂತರು. ಮಹಜರು ಬರೆಸುವ ಹಾಗೆ ಇದನ್ನು ಜನರ ಮುಂದೆ ತರಬೇಕೇ, ಸ್ವಲ್ಪ ದಿನ ಹೋಗಲಿ ಎಂದರು. ಅದೇ ಮೈಕಿನಲ್ಲಿ ಹೇಳಿಸಿದ್ದು, ಅದೇ ಮೈಕಿನಲ್ಲಿ ತೆಗೆಯಬೇಕು ಅಯ್ಯನವರೇ ಎಂದೆ. ಬಿಟ್ಟರು.

ಸಂಡೇ ಸ್ಕೂಲಿನಲ್ಲಿ ಹತ್ತು ಆಜ್ಞೆಗಳನ್ನು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಸುಳ್ಳುಸಾಕ್ಷಿಯ ಆಜ್ಞೆ ಕೋರ್ಟು ಕಚೇರಿಗೆ ಹೋಗುವವರಿಗೆ ಎಂದೇ ನನ್ನ ತಿಳಿವಳಿಕೆಯಾಗಿತ್ತು. ದೇವರನ್ನು ಹೊಗಳುವ ಭರದಲ್ಲಿಯೂ ಅದನ್ನು ಮುರಿಯಬಹುದು ಎಂದು ಹೊಳೆದಿರಲಿಲ್ಲ. ಅಂದು ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬೈಬಲಿನ ಹಿಜ್ಕೀಯ ರಾಜ ಸಾಯುವ ಹಾಗಾದಾಗ ದೇವರು ಗುಣಮಾಡುತ್ತೇನೆಂದು ಮಾತು ಕೊಟ್ಟಿದ್ದ, ಆದರೂ ಪ್ರವಾದಿ ಅವನ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದ. ಆ ಅಧ್ಯಾಯವನ್ನು ರೋಗಿಗಳ ಮಂಚದ ಪಕ್ಕ ನಾನೇ ಹಲವು ಸಲ ಓದಿದ್ದೆ. ಅಂಜೂರ ಬಂದ ವಾಕ್ಯದ ಮೇಲೆ ಕಣ್ಣು ಜಾರಿಸಿಕೊಂಡು ಹೋಗಿದ್ದೆ, ಅಷ್ಟೇ. ಅದನ್ನೂ ಹೇಳಿದೆ. ಯಾರೂ ಆಮೆನ್ ಅನ್ನಲಿಲ್ಲ. ಇಳಿದು ಬರುವಾಗ ಕೆಲವರು ಮುಖ ತಿರುಗಿಸಿದರು.

ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಕತ್ರಿಗುಪ್ಪೆಯಿಂದ ಬರುವ ವಯಸ್ಸಾದ ವಿಮಲಮ್ಮ ನನ್ನ ಸೆರಗು ಜಗ್ಗಿದರು. ಸುಗುಣಳ ಸಾಕ್ಷಿ ಕೇಳಿದ ದಿನದಿಂದ ತಾವು ಬಿಪಿ ಮಾತ್ರೆ ಬಿಟ್ಟಿರುವುದಾಗಿ ಹೇಳಿದರು. "ಮಗನಿಗೆ ಗೊತ್ತಿಲ್ಲ. ಇವತ್ತು ಹೋಗಿ ನುಂಗ್ತೀನಮ್ಮ. ಪಾಪ ಅಲ್ವಲ್ಲ?" ಅಲ್ಲ ಎಂದೆ. ಸೀದಾ ನುಂಗಬೇಡಿ, ಮೊದಲು ಡಾಕ್ಟರ ಹತ್ತಿರ ಹೋಗಿ ಬಿಪಿ ನೋಡಿಸಿ ಎಂದು ಅವರ ಮಗನಿಗೆ ಅಲ್ಲೇ ಫೋನ್ ಮಾಡಿಸಿದೆ. ಇನ್ನೂ ಎಷ್ಟು ಮನೆಗಳಲ್ಲಿ ಎಷ್ಟು ಡ್ರಾಗಳಿವೆಯೋ ಎಂದುಕೊಂಡೆ.

ಮಂಗಳವಾರ ಯಂತ್ರ ತೆಗೆದರು. ಗುರುವಾರ ಮಧ್ಯಾಹ್ನ ಪ್ರಭಾಕರನ ಫೋನ್ ಬಂತು. "ಅವಳು ಮಾತ್ರೆ ತಗೋತಿಲ್ಲ. ನರ್ಸ್ ಕೊಟ್ರೆ ಬಾಯಿ ಮುಚ್ಕೋತಾಳೆ. ನಿಮ್ಮನ್ನ ಕೇಳ್ತಿದಾಳೆ. ಬನ್ನಿ." ಇಷ್ಟು ಹೇಳಿ ಇಟ್ಟ.

ಸುಗುಣ ವಾರ್ಡಿನಲ್ಲಿ ಕಿಟಕಿಯ ಕಡೆಯ ಮಂಚದಲ್ಲಿದ್ದಳು. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಬೆರಳು ಮಡಿಸಲು ಆಗುತ್ತಿಲ್ಲ, ಬರಬಹುದು ಬರದಿರಬಹುದು ಎಂದಿದ್ದರಂತೆ. ಹೊಲಿದು ಬದುಕುವವಳ ಕೈ. ಗಂಟಲಲ್ಲಿ ನಳಿಗೆ ಇದ್ದದ್ದರಿಂದ ದನಿ ಕರ್ಕಶವಾಗಿತ್ತು.

"ಆಂಟಿ, ಸಾಕ್ಷಿ ಹಾಳ್ಮಾಡ್ಬಿಟ್ಟೆ."

"ನೀನಲ್ಲ ಕಣೆ. ನೀನು ಬರೆದದ್ದೇ ಸರಿ ಇತ್ತು. ನಾನು ತಿದ್ದಿದ್ದು ತಪ್ಪು. ಚರ್ಚಲ್ಲಿ ಎಲ್ಲರ ಮುಂದೆ ಹೇಳಿದೀನಿ."

"ಎಲ್ಲರ ಮುಂದೆ?"

"ಮೈಕಲ್ಲಿ."

ನರ್ಸ್ ಮಾತ್ರೆಯ ಪುಟ್ಟ ಲೋಟ ಹಿಡಿದು ಬಂದಳು, "ಇವತ್ತಾದ್ರೂ ತಗೋತೀರಾ ಅಕ್ಕ, ಇಲ್ಲ ಮತ್ತೆ ನಳಿಗೆ ಹಾಕ್ಬೇಕಾ?" ಎಂದಳು. ಸುಗುಣ ಬಾಯಿ ತೆರೆಯಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಮಾತ್ರೆಯನ್ನು ನನ್ನ ಅಂಗೈಗೆ ಹಾಕಿಸಿಕೊಂಡೆ. ಊಟಕ್ಕೆ ಮುಂಚೆ ಮಾಡುವ ಹಾಗೆ ತಲೆ ಬಗ್ಗಿಸಿದೆ. ಶನಿವಾರದಿಂದ ಬಾರದಿದ್ದ ಪ್ರಾರ್ಥನೆ ಅಲ್ಲಿ ಬಂತು, ಒಂದೇ ಸಾಲು. ಕರ್ತನೇ, ನೀನು ಕೊಟ್ಟ ಈ ಮಾತ್ರೆಗಾಗಿ ಸ್ತೋತ್ರ, ಇದನ್ನು ಇವಳ ಮೈಗೆ ಹತ್ತಿಸು. ಸುಗುಣ ಆಮೆನ್ ಎಂದು ಬಾಯಿ ತೆರೆದಳು. ನೀರು ಕುಡಿಸಿದೆ. ಪ್ರಭಾಕರ ಕಿಟಕಿಯ ಕಡೆ ತಿರುಗಿ ನಿಂತಿದ್ದ. ನಾನು ಹೊರಡುವಾಗಲೂ ತಿರುಗಲಿಲ್ಲ. ಕ್ಷಮೆಯ ಒಂದು ನೋಟವನ್ನೂ ಅವನಿಂದ ಕೇಳುವ ಹಕ್ಕು ನನಗಿಲ್ಲ.

ಇಂದಿಗೂ ಸುಗುಣಳ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ರವಿಕೆ ಬಿಟ್ಟು ಸೀರೆಗೆ ಫಾಲ್ ಹೊಲಿಯುತ್ತಾಳೆ. ಸಾಕ್ಷಿಗೆ ಜನರನ್ನು ಆರಿಸುವ ಕೆಲಸವನ್ನು ನಾನು ಬಿಟ್ಟುಕೊಟ್ಟೆ. ಮನೆಭೇಟಿ ಬಿಡಲಿಲ್ಲ. ಯಾವ ಮನೆಗೆ ಹೋದರೂ ಸತ್ಯವೇದ ತೆರೆಯುವ ಮೊದಲು ಮಾತ್ರೆ ಡಬ್ಬಿ ತರಿಸಿ ನೋಡುತ್ತೇನೆ. ದೇವರ ಮಹಿಮೆಗೆ ನಮ್ಮ ಕಡೆಯಿಂದ ಒಂದು ಕಾಳು ಉಪ್ಪು ಜಾಸ್ತಿ ಹಾಕುವ ಅಗತ್ಯವಿಲ್ಲ, ಹಾಕಿದರೆ ಅದನ್ನು ತಿನ್ನುವವರು ಬೇರೆಯವರು. ಈ ಕೆಲಸ ನನಗೆ ಕಲಿಸಿದ್ದು ಇದು, ಕಲಿತದ್ದು ಇನ್ನೊಬ್ಬಳ ಕೈಯ ಬೆಲೆಗೆ.

ಆ ಗುರುವಾರ ಆಸ್ಪತ್ರೆಯಿಂದ ಮನೆಗೆ ಬಂದಾಗ ಸಂಜೆ ಐದಾಗಿತ್ತು. ರಾಗಿ ಹಿಟ್ಟು ಮುಗಿದಿತ್ತು, ಗಿರಣಿ ಏಳಕ್ಕೆ ಮುಚ್ಚುತ್ತದೆ. ಸೀರೆ ಸಹ ಬದಲಾಯಿಸದೆ ಮೊರ ತೆಗೆದುಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ರಾಗಿ ಕೇರಲು ಕೂತೆ.