ಕೊರಳಲ್ಲಿದ್ದ ಹೊಟ್ಟೆಬೇನೆ

ಎಂಗುದಾಯ್ ಅರೆದ ಕೊಸೊ ಕುಡಿದವರ ಹೊಟ್ಟೆಯಲ್ಲಿ ಲಾಡಿಹುಳು ಉಳಿದದ್ದಿಲ್ಲ. ಚೊಕೆ ಬೆಟ್ಟದ ಈ ಮಗ್ಗುಲಿನ ಊರುಗಳಲ್ಲಿ ಹಬ್ಬಕ್ಕೆ ಹಸಿ ಮಾಂಸ ತಿಂದವರು ಇವತ್ತಲ್ಲ ನಾಳೆ ಅವಳ ಬಾಗಿಲಿಗೆ ಬರಲೇಬೇಕು. ಕೊಸೊ ಮರದ ಕೆಂಪು ಹೂಗೊಂಚಲನ್ನು ಒಣಗಿಸಿ, ತಾನೇ ಕಲ್ಲಿನ ಮೇಲೆ ಅರೆದು, ಮನೆಯಲ್ಲೇ ಇಳಿಸಿದ ತೆಲ್ಲವೆಂಬ ಹೆಂಡದಲ್ಲಿ ಕಲಸಿ, ಬೆಳಗಿನ ಬರಿಹೊಟ್ಟೆಗೆ ಕೊಡುವಳು. ಕುಡಿಯುವವನು ಮುಖ ಕಿವುಚಿದರೆ, "ಮಾಂಸ ತಿನ್ನೋವಾಗ ಈ ಮುಖ ಎಲ್ಲಿಟ್ಟಿದ್ದೆ? ನುಂಗೋ!" ಎಂದು ಗದರುವಳು. ಬೈಗುಳವೂ ಮದ್ದಿನಲ್ಲಿ ಒಂದು ಪಾಲು ಎಂದು ಜನ ನಗುತ್ತಿದ್ದರು.

ಅಂಥವಳಿಗೇ ಹೊಟ್ಟೆ ಕಟ್ಟಿತು.

ಮೊದಮೊದಲು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಯಲಿಗೆ ಹೋಗುವುದು ದಿನಬಿಟ್ಟು ದಿನವಾಯಿತು, ಆಮೇಲೆ ವಾರಕ್ಕೊಮ್ಮೆಯಾಯಿತು. ಇಂಜೆರಾ ರೊಟ್ಟಿಯ ಒಂದು ತುಂಡು ನುಂಗಿದರೆ ಇಡೀ ಹಬ್ಬದೂಟ ಉಂಡಂತೆ ಹೊಟ್ಟೆ ಉಬ್ಬುತ್ತಿತ್ತು. ಉಣ್ಣುವುದು ಅಷ್ಟಕ್ಕಷ್ಟೇ ಆದರೂ ಮುಖ ತುಂಬಿಕೊಂಡಿತು. ನೆರೆಯವರು, "ಯಿರ್ದಾವ್ ಹೆಂಡತೀನ ಚೆನ್ನಾಗಿ ಮೇಯಿಸ್ತಾ ಇದಾನೆ" ಎಂದು ಹಾಸ್ಯ ಮಾಡಿದರು. ಎಂಗುದಾಯ್ ಮಾತ್ರ ತನ್ನ ರೋಗವನ್ನು ತಾನೇ ತೀರ್ಮಾನಿಸಿದ್ದಳು. "ಹುಳ. ದೊಡ್ಡದು. ಬಾಗಿಲಿಗೆ ಅಡ್ಡ ಮಲಗಿದೆ" ಅಂದಳು.

ಅರೆದಳು, ಕುಡಿದಳು. ನೀರು ನೀರಾಗಿ ಹೋಗಿ ಕೈಕಾಲು ಸೋತವು, ಹುಳ ಬೀಳಲಿಲ್ಲ, ಹೊಟ್ಟೆ ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಂಡಿತು. ಮತ್ತೆ ಕುಡಿದಳು. ಆ ಸಲ ಕುಡಿದದ್ದು ಒಳಗೇ ನಿಂತಿತು, ಒಂದು ತೊಟ್ಟೂ ಕೆಳಗಿಳಿಯಲಿಲ್ಲ. ಈಗ ಮೂರನೆಯ ಸಲಕ್ಕೆ ಹೂವನ್ನು ಇಮ್ಮಡಿ ಹಾಕಿ ಅರೆದಿದ್ದಳು.

ಗಂಡ ಯಿರ್ದಾವ್ ಎತ್ತು ನೇಗಿಲಿನ ಮನುಷ್ಯ. ಮದುವೆಯಾದಂದಿನಿಂದ ಆ ಮನೆಯಲ್ಲಿ ಮಾತಿನ ಪಾಲು ಅವಳದು, ತಲೆಯಾಡಿಸುವ ಪಾಲು ಇವನದು. ಆ ಬೆಳಿಗ್ಗೆಯೂ ಅವಳು ಕೊಂಬಿನ ಬಟ್ಟಲು ಕೇಳಿದಳು, ಇವನು ತಂದುಕೊಟ್ಟ. ಇಮ್ಮಡಿ ಕೊಸೊ ಕುಡಿದು ಕಣ್ಣು ಕಳೆದುಕೊಂಡವರನ್ನು ಅವನು ಕಂಡಿದ್ದ, ಕುಡಿದ ಜಾಗದಲ್ಲೇ ಒರಗಿದವರ ಮಾತೂ ಕೇಳಿದ್ದ. ಬೇಡ ಕಣೇ ಅನ್ನಬೇಕೆಂದು ಬಾಯಿವರೆಗೆ ಬಂತು, ಬಾಯಿ ಬಿಡಲಿಲ್ಲ.

ಅಂಗಳದಲ್ಲಿ ಒಳ್ಳೆ ಬಿಸಿಲು. ಅವಳು ದಪ್ಪನೆಯ ಗಾಬಿ ಎರಡು ಹೊದ್ದು ಕೂತಿದ್ದಳು, ಆದರೂ ಚಳಿ ಎನ್ನುತ್ತಿದ್ದಳು. ಬಟ್ಟಲು ತುಟಿಗೆ ಬಂತು. ಅಲ್ಲೇ ಅವಳ ರೆಪ್ಪೆ ಮುಚ್ಚಿಕೊಂಡವು. ಬಟ್ಟಲು ವಾಲಿ ಕೊಸೊವೆಲ್ಲ ಮಡಿಲಿಗೆ ಸುರಿಯಿತು. ಎಂಗುದಾಯ್ ಕೂತಲ್ಲೇ ನಿದ್ದೆ ಹೋಗಿದ್ದಳು.

ಯಿರ್ದಾವ್ ಹೆಗಲು ಅಲುಗಿಸಿದ. ಅವಳು ಕಣ್ಣುಬಿಟ್ಟು ಒದ್ದೆ ಮಡಿಲು ನೋಡಿದಳು. ಇವನು ಬೈಗುಳಕ್ಕೆ ಬೆನ್ನು ಕೊಟ್ಟು ನಿಂತ.

"ಚೆಲ್... ಹೋಯ್ತಾ?" ಅಂದಳು ಅವಳು, ಒಡೆದ ಮಡಕೆಯಂಥ ದನಿಯಲ್ಲಿ. ಅಷ್ಟೇ. ಬೈಯಲಿಲ್ಲ.

ಆಲಿಕಲ್ಲು ಪೈರನ್ನೆಲ್ಲ ಮಲಗಿಸಿದ ವರ್ಷವೂ ಯಿರ್ದಾವನ ಎದೆ ಹಾಗೆ ಹಾರಿರಲಿಲ್ಲ. ಅವನು ಬೇಲಿ ದಾಟಿ ಓಡಿದ, ಕೇರಿಯ ಗಂಡಸರನ್ನೆಲ್ಲ ಕೂಗಿದ.

ಹೆಣ ಹೊರುವ ಚಟ್ಟವೇ ನಮ್ಮಲ್ಲಿ ರೋಗಿಯನ್ನು ಹೊರುವ ಚಟ್ಟ. ಅದನ್ನು ಕಂಡು ಎಂಗುದಾಯ್, "ನಾನಿನ್ನೂ... ಸತ್ತಿಲ್ಲ" ಅಂದಳು.

ಮುಂದಿನ ಕೊನೆಗೆ ಹೆಗಲು ಕೊಟ್ಟಿದ್ದ ದೆಮ್ಲೆವ್, "ಸತ್ತೋರು ಇಷ್ಟು ಭಾರ ಇರಲ್ಲ ಅಕ್ಕಾ, ಸುಮ್ಮನೆ ಮಲಕ್ಕೊಳ್ಳಿ" ಎಂದ. ನಗಿಸಬೇಕೆಂದು ಆಡಿದ ಮಾತು, ಆದರೆ ಯಾರೂ ನಗಲಿಲ್ಲ. ಇಳಿಜಾರಿನುದ್ದಕ್ಕೂ ಅವಳ ಹೊಟ್ಟೆ ಹೊದಿಕೆಯಡಿ ನಗಾರಿಯಂತೆ ಎದ್ದು ಕಾಣುತ್ತಿತ್ತು.

ಪಟ್ಟಣದ ಆಸ್ಪತ್ರೆಯಲ್ಲಿದ್ದವನು ನೆಬಿಯು ಎಂಬ ಡಾಕ್ಟರು, ಕೊಯ್ಯುವ ಕೆಲಸದವನು. ಹೊಟ್ಟೆಯ ಮೇಲೆ ಬೆರಳಿಟ್ಟು ತಟ್ಟಿದ, ಕಿವಿಯಿಟ್ಟು ಕೇಳಿದ, ಎಕ್ಸ್‌ರೇ ಫೋಟೋ ತೆಗೆಸಿದ. ನಮ್ಮ ಬೆಟ್ಟದ ಜನಕ್ಕೆ ಕರುಳು ತಿರುಚಿಕೊಳ್ಳುವ ಕಾಯಿಲೆ ಹೆಚ್ಚು, ಅಂಥವನ್ನು ಅವನು ಕೊಯ್ದು ಕೊಯ್ದು ಪಳಗಿದವನು.

"ಕರುಳು ತುಂಬಾ ಗಾಳಿ ನಿಂತಿದೆ. ತಿರುಚಿಕೊಂಡಿರಬೇಕು. ಇವತ್ತೇ ಕೊಯ್ಯಬೇಕು" ಎಂದ.

"ಕೊಯ್ದರೆ ಬದುಕ್ತಾಳಾ ಸ್ವಾಮಿ?"

"ತಿರುಚಿದ್ದನ್ನ ಬಿಟ್ಟರೆ ಬದುಕಲ್ಲ." ಡಾಕ್ಟರು ಅವಳತ್ತ ಬಾಗಿದ. "ಎಷ್ಟು ದಿನದಿಂದ ಹೀಗೆ ತಾಯಿ?"

ಎಂಗುದಾಯ್ ಅವನ ಮುಖವನ್ನೇ ನೋಡುತ್ತ ಮಲಗಿದ್ದಳು. ಡಾಕ್ಟರು ಇನ್ನೊಮ್ಮೆ ಕೂಗಿ ಕೇಳಿದ.

"ಕಿವಿ ಮಂದವಾ ಇವರಿಗೆ?"

"ಇಲ್ಲ ಸ್ವಾಮಿ, ಚೆನ್ನಾಗಿ ಕೇಳುತ್ತೆ. ಉತ್ತರ ಹೊರಟಿದೆ, ದಾರೀಲಿದೆ" ಎಂದ ಯಿರ್ದಾವ್. ಹೆದರಿಕೆಗೆ ಅವನ ನಾಲಿಗೆ ಅಂದು ತಾನಾಗಿ ಸಡಿಲಿತ್ತು. "ಹೋದ ಮೆಸ್ಕೆಲ್ ಹಬ್ಬದಿಂದ ಹಿಂಗೇ. ಮೊದಲೆಲ್ಲ ನಾನು ಹೊಸಲು ದಾಟೋದರೊಳಗೆ ನನ್ನ ಅಪ್ಪ ಅಜ್ಜನಿಗೆಲ್ಲ ಬೈದು ಮುಗಿಸೋಳು. ಈಗ ಒಂದು ಬೈಗುಳ ಬಾಯಿಂದ ಈಚೆ ಬರೋ ಹೊತ್ತಿಗೆ ನಾನು ನೇಗಿಲು ಹೂಡಿರ್ತೀನಿ. ಬಿಸಿಲಲ್ಲಿ ಚಳಿ ಅಂತಾಳೆ. ಕೂತಲ್ಲಿ ನಿದ್ದೆ. ಹುಬ್ಬಿನ ತುದಿ ಕೂದಲೂ ಉದುರಿಹೋಯ್ತು."

ಬೈಗುಳದ ಮಾತಿಗೆ ನಕ್ಕಿದ್ದ ಡಾಕ್ಟರ ಮುಖದಿಂದ ನಗು ಇಳಿಯಿತು. ಅವಳ ನಾಡಿ ಹಿಡಿದು ಬಹಳ ಹೊತ್ತು ನಿಂತ. ಹಿಮ್ಮಡಿಯ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದ. ಪಾದ ಚಿಮ್ಮಿತು, ಆದರೆ ಮರಳಿ ಬರುವಾಗ ಸೋತ ಎತ್ತಿನಂತೆ ಬಂತು. ಆಮೇಲೆ ಕುತ್ತಿಗೆಗೆ ಸುತ್ತಿದ್ದ ಬಿಳಿ ನೆತೆಲಾ ಶಾಲು ಬಿಡಿಸಿದ. ಸುತ್ತಲೂ ನೀಲಿ ಹಚ್ಚೆಯ ಉಂಗುರಗಳು, ಆ ಉಂಗುರಗಳ ಕೆಳಗೆ ಮುಷ್ಟಿಗಾತ್ರದ ಗಂಟು.

"ಇದು ಎಷ್ಟು ದಿನದ್ದು?"

ಈಗ ಎಂಗುದಾಯ್‌ಗೂ ಮಾತು ಬಂತು. "ಅದು... ಮುಗಿದಿದೆ. ಅವ್ವ ಹಚ್ಚೆ... ಹಾಕಿಸಿದಾಳೆ. ಹೊಟ್ಟೆ ನೋಡು."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳ ತಾಯಿಗೆ, ಚಿಕ್ಕಮ್ಮನಿಗೆ, ನೀರಿನ ದಾರಿಯಲ್ಲಿ ಸಿಗುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನಕ್ಕೆ ಗಳಗಂಡವಿತ್ತು. ಹುಡುಗಿಯ ಕೊರಳು ಊದಿದರೆ ಸುತ್ತ ಹಚ್ಚೆ ಚುಚ್ಚಿಸುವುದು, ಅಲ್ಲಿಗೆ ಆ ಲೆಕ್ಕ ಚುಕ್ತಾ. ಕೊರಳನ್ನು ಯಾರೂ ರೋಗವೆಂದು ನೋಡುತ್ತಿರಲಿಲ್ಲ, ಮೂಗಿದ್ದಂತೆ ಅದೂ ಒಂದು.

ಡಾಕ್ಟರು ಯಿರ್ದಾವನನ್ನು ಹೊರಗೆ ಕರೆದುಕೊಂಡು ಹೋಗಿ, ಹಿರಿಯರನ್ನು ಕರೆಯುವಂತೆ ಗಾಶೆ ಎಂದು ಕರೆದು ಮಾತು ತೆಗೆದ.

"ಗಾಶೆ, ನಾನು ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ. ಕೊರಳಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ. ಮೈಯೆಲ್ಲ ನಡೆಯೋದು ಅದರ ರಸದಿಂದ. ರಸ ಕಮ್ಮಿಯಾದರೆ ಎದೆ ನಿಧಾನ, ಮಾತು ನಿಧಾನ, ಕರುಳೂ ನಿಧಾನ. ಇವರ ಕರುಳು ತಿರುಚಿಲ್ಲ, ಬರೀ ನಿದ್ದೆ ಹೋಗಿದೆ ಅಂತ ಈಗ ನನಗೆ ಅನ್ನಿಸ್ತಾ ಇದೆ. ಅದು ನಿಜವಾದರೆ ಕೊಯ್ಯೋಕೆ ಅಂತ ಮದ್ದು ಕೊಟ್ಟು ಎಚ್ಚರ ತಪ್ಪಿಸಿದರೆ ಇವರು ಏಳದೇ ಇರಬಹುದು."

"ಹಂಗಾದರೆ ಕೊಯ್ಯಬೇಡಿ."

"ನನ್ನ ಎಣಿಕೆ ತಪ್ಪಾಗಿದ್ದು, ಕರುಳು ತಿರುಚಿದ್ದೇ ನಿಜವಾದರೆ, ಕಾಯೋದರಿಂದಲೇ ಸಾಯ್ತಾರೆ. ರಕ್ತ ರಾಜಧಾನಿಗೆ ಹೋಗಿ ಉತ್ತರ ಬರೋವರೆಗೆ ಕೂರೋ ಹಾಗಿಲ್ಲ. ನಾನು ಕಾಯೋಣ ಅಂತೀನಿ. ನೀವು ಏನಂತೀರಿ?"

ಯಿರ್ದಾವ್ ಗೋಡೆ ಹಿಡಿದುಕೊಂಡ. ಯಾವ ಹೊಲಕ್ಕೆ ತೆಫ್, ಯಾವ ಹೊಲಕ್ಕೆ ಬಾರ್ಲಿ ಎಂಬುದನ್ನೂ ಅವನು ಅವಳನ್ನು ಕೇಳಿಯೇ ಬಿತ್ತುತ್ತಿದ್ದವನು. ಇದನ್ನು ಯಾರನ್ನು ಕೇಳುವುದು?

"ಕಾಯೋಣ" ಎಂದ. ತನ್ನ ದನಿ ತನಗೇ ಬೇರೆಯವರದೆನ್ನಿಸಿತು.

ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದರು. ಅದರಲ್ಲಿ ಹಸುರು ನೀರು ಬಂತು. ಅದೇ ಕೊಳವೆಯಲ್ಲಿ ಥೈರಾಯ್ಡ್ ರಸದ ಮಾತ್ರೆ ಅರೆದು ಬಿಟ್ಟರು. ಬೆಳಿಗ್ಗೆ ಸಂಜೆ ನೆಬಿಯು ಬಂದು ಹೊಟ್ಟೆ ಒತ್ತಿ ನೋಡುವನು. ಅವನು ಒತ್ತಿದಷ್ಟು ಹೊತ್ತೂ ಯಿರ್ದಾವ್ ಉಸಿರು ಬಿಗಿಹಿಡಿದು ಅವನ ಹುಬ್ಬು ನೋಡುವನು. ಜ್ವರ ಬಂದರೆ ಕೊಯ್ಯುತ್ತೇನೆ, ಹೊಟ್ಟೆ ಕಲ್ಲಾದರೆ ಕೊಯ್ಯುತ್ತೇನೆ ಎಂದಿದ್ದ ಡಾಕ್ಟರು. ಹೊಟ್ಟೆ ಕಲ್ಲಾಗಲಿಲ್ಲ, ಇಳಿಯಲೂ ಇಲ್ಲ.

ಹಾಗಿರುವಾಗ ಅವಳ ಅಣ್ಣ ವೊಂದಿಫ್ರಾವ್ ಬಂದ. ಆಳೂ ಎತ್ತರ, ಗಂಟಲೂ ಎತ್ತರ. ತಂಗಿಯನ್ನು ನೋಡಿ ಯಿರ್ದಾವನ ಕಡೆ ತಿರುಗಿದ.

"ಹೊಟ್ಟೆ ನೋವು ಅಂತ ತಂದೋನು ಕೊರಳಿಗೆ ಮದ್ದು ಮಾಡಿಸ್ತಾ ಇದೀಯಂತೆ? ಕತ್ತೆಗೆ ಕಾಲು ಮುರಿದರೆ ಕಿವಿಗೆ ಪಟ್ಟಿ ಕಟ್ಟೋನು ನೀನೊಬ್ಬನೇ ಕಣಯ್ಯಾ!"

ವಾರ್ಡಿನ ಹೆಂಗಸರು ಕಿಸಕ್ಕೆಂದರು. ವೊಂದಿಫ್ರಾವ್ ಗಾಬಿಯೊಳಗಿಂದ ಬಿರಡೆ ಹಾಕಿದ ಸೋರೆಬುರುಡೆ ತೆಗೆದ. ಕೊಸೊದ ವಾಸನೆ ಮಂಚಕ್ಕೆ ಬಂತು. "ಅವಳ ಮನೇದೇ ಪುಡಿ. ನಾನೇ ಕಲಸಿದೀನಿ. ಎಬ್ಬಿಸು, ಕುಡೀಲಿ. ಸಂಜೆಗೆ ಸರಿಹೋಗ್ತಾಳೆ."

ಆ ವಾಸನೆಗೇ ಇರಬೇಕು, ಎಂಗುದಾಯ್ ಕಣ್ಣುಬಿಟ್ಟಳು. ಕೈ ಚಾಚಿದಳು.

"ಕೊಡು" ಎಂದಳು.

ಯಿರ್ದಾವ್ ಇಬ್ಬರ ನಡುವೆ ಬಂದು ನಿಂತ. "ಇಲ್ಲ."

"ನೀ ಯಾರಯ್ಯಾ ಇಲ್ಲ ಅನ್ನೋಕೆ? ಹುಳ ಇರೋದು ನನ್ನ ತಂಗಿ ಹೊಟ್ಟೇಲಿ!"

"ಹುಳ ಇಲ್ಲ. ಕರುಳು ಮಲಗಿದೆ. ಮಲಗಿದ ಎತ್ತನ್ನ ಹೊಡೆದು ಹೊಡೆದು ಎಬ್ಬಿಸೋಕೆ ಹೋದರೆ ಮಲಗಿದಲ್ಲೇ ಸಾಯುತ್ತೆ. ಎರಡು ಸಲ ಹೊಡೆದಿದೀವಿ, ಬಟ್ಟಲು ಹಿಡಿದದ್ದು ನಾನೇ. ಇನ್ನೊಂದು ಸಲ ಹಿಡಿಯಲ್ಲ, ಹಿಡಿಯೋಕೂ ಬಿಡಲ್ಲ."

"ಇವಳು ಸತ್ತರೆ?"

"ಸತ್ತರೆ ಊರಿನ ಮುಂದೆ ನನ್ನ ಹೆಸರೇ ಹೇಳು. ನಾನೇ ಕೊಂದೆ ಅನ್ನು."

ವೊಂದಿಫ್ರಾವ್ ಮೇಲೆ ಬಿದ್ದು ಸರಿಸಲು ನೋಡಿದ. ಯಿರ್ದಾವ್ ನೇಗಿಲ ಮೇಣಿ ಹಿಡಿದ ಕೈಯಿಂದ ಅವನ ಮಣಿಕಟ್ಟು ಹಿಡಿದ. ಬುರುಡೆ ನಡುಗಿತು, ಬಿರಡೆ ಬಿಚ್ಚಲಿಲ್ಲ. ಎಂಗುದಾಯ್ ಗಂಡನ ಬೆನ್ನನ್ನೇ ದಿಟ್ಟಿಸುತ್ತಿದ್ದಳು, ಆ ಬೆನ್ನನ್ನು ಎಂದೂ ಕಂಡಿಲ್ಲವೆನ್ನುವ ಹಾಗೆ. ಚಾಚಿದ ಕೈ ಮೆಲ್ಲಗೆ ಹೊದಿಕೆಯೊಳಗೆ ಹೋಯಿತು.

"ಹೋಗಣ್ಣಾ" ಅಂದಳು. "ಅವನು... ಇಲ್ಲ ಅಂದನಲ್ಲ."

ವೊಂದಿಫ್ರಾವ್ ಉಗಿದು ಹೋದ. ಅವನು ಹೋದಮೇಲೆ ಯಿರ್ದಾವ್ ನೆಲಕ್ಕೆ ಕೂತು, ಸಂತ ಗಿಯೋರ್ಗಿಸ್ ತಂದೇ, ನಾನು ತಪ್ಪಿದ್ದರೆ ಅವಳ ಮೇಲೆ ಹಾಕಬೇಡ ಎಂದು ಬೇಡಿಕೊಂಡ.

ಮರುದಿನ ಹೊಟ್ಟೆ ಇಳಿಯಲಿಲ್ಲ. ಅದರ ಮರುದಿನವೂ ಇಲ್ಲ. ಆ ಸಂಜೆ ಡಾಕ್ಟರು ಹೊಟ್ಟೆ ಒತ್ತಿದವನು, ಕೊಯ್ಯುವ ಕೋಣೆ ಬೆಳಿಗ್ಗೆಗೆ ಸಿದ್ಧವಿರಲಿ ಎಂದು ನರ್ಸಿಗೆ ಹೇಳಿದ್ದು ಯಿರ್ದಾವನ ಕಿವಿಗೆ ಬಿತ್ತು.

ಬೆಳಗಾಯಿತು. ಹೊರಗೆ ಗಾಲಿಮಂಚ ಬಂದು ನಿಂತ ಸದ್ದು ಕೇಳಿತು. ಆಗ ಎಂಗುದಾಯ್ ಹೊದಿಕೆಯೊಳಗಿಂದ ಒಂದು ಸದ್ದು ಹೊರಟಿತು. ಸಣ್ಣದಾಗಿ ಶುರುವಾಗಿ, ಬರಬರುತ್ತ ದೊಡ್ಡದಾಗಿ, ನಿಲ್ಲುವ ಮಾತೇ ಇಲ್ಲದೆ ಹೋಯಿತು. ಪಕ್ಕದ ಮಂಚದ ಮುದುಕಿ ಎದ್ದು ಕೂತಳು. ಇಡೀ ವಾರ್ಡಿಗೇ ಈ ಹೊಟ್ಟೆಯ ಕಥೆ ಗೊತ್ತಿತ್ತಲ್ಲ. ಆ ಮುದುಕಿ ನಾಲಿಗೆ ಹೊರಳಿಸಿ ಇಲಿಲಿಲಿಲಿ ಎಂದು ಮದುವೆಮನೆಯ ಕೂಗು ಹಾಕಿದಳು, ಉಳಿದವರೂ ದನಿಗೂಡಿಸಿದರು. ನೆಬಿಯು ಓಡಿಬಂದು ಹೊಟ್ಟೆಗೆ ಕಿವಿಯಿಟ್ಟ.

"ಎದ್ದಿದೆ" ಎಂದ. "ಕರುಳು ಎದ್ದಿದೆ ಗಾಶೆ!"

ಬಂದ ಗಾಲಿಮಂಚ ಬರಿದಾಗಿಯೇ ಹೋಯಿತು. ಯಿರ್ದಾವ್ ಗೋಡೆಗೆ ಮುಖ ಮಾಡಿ ಅತ್ತ.

ಕೊಳವೆ ತೆಗೆದು ಬಾರ್ಲಿಯ ಗಂಜಿ ಕೊಡಲು ಶುರುಮಾಡಿದ ದಿನ ಡಾಕ್ಟರು ಮಂಚದ ಬಳಿ ಕೂತು ಹೇಳಿದ. ಈ ಮಾತ್ರೆ ಬದುಕಿರುವವರೆಗೂ ಬೇಕು. ಬೆಳಿಗ್ಗೆ ಎದ್ದಕೂಡಲೇ ಬರೀ ನೀರಿನಲ್ಲಿ ನುಂಗಬೇಕು, ಕಾಫಿ ಕುಡಿಯುವುದು ತುಸು ತಡೆದು. ಇಲ್ಲದಿದ್ದರೆ ಕಾಫಿಯೇ ಮಾತ್ರೆಯನ್ನು ತಿಂದುಹಾಕುತ್ತದೆ. ಹೊಟ್ಟೆ ಪೂರಾ ಹಾದಿಗೆ ಬರಲು ತಿಂಗಳುಗಳೇ ಬೇಕು.

ಎಂಗುದಾಯ್ ಗಂಜಿಯ ಬಟ್ಟಲು ಕೆಳಗಿಟ್ಟಳು. ಮಾತು ಇನ್ನೂ ಎಳೆದೆಳೆದು ಬರುತ್ತಿತ್ತು.

"ಕೊರಳು ದಪ್ಪ ಇರೋರಿಗೆಲ್ಲ... ಹಿಂಗೇನಾ?"

"ಎಲ್ಲರಿಗೂ ಅಲ್ಲ ತಾಯಿ. ಗಂಟಿದ್ದೂ ಗಟ್ಟಿಮುಟ್ಟಾಗಿರೋರೇ ಹೆಚ್ಚು. ಹೊಟ್ಟೆ ಕಟ್ಟೋದರ ಜೊತೆ ಚಳಿ, ಮಂಪರು, ಮುಖ ಊತ ಸೇರಿದರೆ ರಕ್ತ ನೋಡಿಸಬೇಕು."

ಅವಳ ಕೈ ತಟ್ಟನೆ ಗಂಡನ ತೋಳನ್ನು ಹಿಡಿಯಿತು.

"ತೆವಾಬೆಚ್" ಎಂದಳು.

"ಯಾರು, ಮೇಲಿನ ಕೇರಿ ಕುಂಬಾರಗಿತ್ತಿನಾ?"

"ಹೊಟ್ಟೆ ಬಿಗಿ ಅಂತ ಬಂದಿದ್ದಳು. ಮುಖ ಊದಿತ್ತು. ಗಾಬಿ ಹೊದ್ದು ನಡುಗ್ತಿದ್ದಳು. ನಾನೇ... ಪುಡಿ ಕಟ್ಟಿಕೊಟ್ಟೆ. ಗಬ್ರಿಯೇಲ್ ಹಬ್ಬ ಕಳೆದ ಬೆಳಿಗ್ಗೆ ಕುಡಿ ಅಂದೆ. ಜಾಸ್ತೀನೇ ಕೊಟ್ಟಿದೀನಿ. ಹಬ್ಬ ಯಾವತ್ತು?"

"ಇವತ್ತೇ ಅಲ್ವಾ ತಾಯಿ" ಎಂದಳು ಪಕ್ಕದ ಮಂಚದ ಮುದುಕಿ.

ಎಂಗುದಾಯ್ ಗಂಡನ ತೋಳನ್ನು ನೂಕಿದಳು. "ಹೋಗು. ಈಗಲೇ ಹೋಗು. ಚೆಲ್ಲಿಸು. ಇಲ್ಲಿಗೆ ಹೊತ್ತು ತರಿಸು. ಎಂಗುದಾಯ್ ಹೇಳಿದಳು ಅನ್ನು... ಕೊಟ್ಟದ್ದು ತಪ್ಪು ಅಂದಳು ಅನ್ನು."

"ನಿನ್ನೊಬ್ಬಳನ್ನೇ ಬಿಟ್ಟು ಹೆಂಗೆ ಹೋಗಲಿ? ನನ್ನ ಮಾತು ಅವಳು ಯಾಕೆ ಕೇಳ್ತಾಳೆ? ನಿನ್ನ ಕೊಸೊ ಅಂದರೆ ದೇವರ ತೀರ್ಥ ಅವಳಿಗೆ."

"ನನ್ನ ಮಾತೇ ಮೀರಿದೋನು... ಅವಳ ಕೈಯಿಂದ ಬಟ್ಟಲು ಕಸಿಯಲಾರೆಯಾ? ಬಯ್ಯಿ. ಬಯ್ಯದೆ ಅವಳು ಬಗ್ಗಲ್ಲ. ಹೋಗು!"

ಬೆಟ್ಟದ ಕಡೆಯ ಕೊನೆಯ ಬಸ್ಸು ಹೊಗೆ ಉಗುಳುತ್ತ ನಿಂತಿತ್ತು. ಯಿರ್ದಾವ್ ಓಡಿಬಂದು ಹಿಂದಿನ ಬಾಗಿಲಲ್ಲಿ ನೇತುಬಿದ್ದ, ಯಾರೋ ತೋಳು ಹಿಡಿದು ಒಳಕ್ಕೆಳೆದುಕೊಂಡರು. ನಿಲ್ದಾಣದ ಹೆಬ್ಬಾಗಿಲು ದಾಟಿ ಬಸ್ಸು ಏರುದಾರಿ ಹಿಡಿಯಿತು. ರಸ್ತೆ ಮುಗಿದಮೇಲೆ ಇನ್ನೂ ನಡೆಯುವುದಿತ್ತು. ಕೋಳಿ ಕೂಗುವಷ್ಟರಲ್ಲಿ ಕುಂಬಾರಗಿತ್ತಿ ಎದ್ದು ಪುಡಿ ಕಲಸಿಬಿಡುತ್ತಾಳೆ, ಅದಕ್ಕೆ ಮೊದಲೇ ಅವಳ ಬಾಗಿಲು ತಟ್ಟಬೇಕು. ಅವನು ಕಿಟಕಿಯ ಕಂಬಿ ಹಿಡಿದು ಏನೋ ಗೊಣಗತೊಡಗಿದ, ತಲೆಯಾಡಿಸಿದ, ಮತ್ತೆ ಮೊದಲಿನಿಂದ ಗೊಣಗಿದ. ಈ ಸಲ ದನಿ ತುಸು ಜೋರಾಯಿತು.

ಪಕ್ಕದಲ್ಲಿ ಕುರಿಮರಿ ತಬ್ಬಿಕೊಂಡು ಕೂತಿದ್ದವನು ಕೇಳಿದ, "ಯಾರಿಗೆ ಬೈತಾ ಇದೀರಿ ಗಾಶೆ?"

"ಇನ್ನೂ ಬೈದಿಲ್ಲಪ್ಪ. ಕಲೀತಾ ಇದೀನಿ" ಎಂದ ಯಿರ್ದಾವ್.