ನಾನು ಕಟ್ಟದ ಹಾಡು

ನಮ್ಮ ಮನೆಯವರೆಲ್ಲ ನನ್ನದೆಂದು ಹಾಡುವ ಹಾಡು ನನ್ನದಲ್ಲ. ಅದನ್ನು ಕಟ್ಟಿದವರು ನನ್ನ ಗಂಡನ ಅಣ್ಣನ ಹೆಂಡತಿ, ಗಂಗಕ್ಕ. ಇಪ್ಪತ್ತೆರಡು ವರ್ಷ ನಾನಿದನ್ನು ಯಾರಿಗೂ ಹೇಳಲಿಲ್ಲ — ಗಂಡನಿಗೂ, ಹೆತ್ತ ಮಗಳಿಗೂ.

ಸವಣೂರು ಸೀಮೆಯ ಹತ್ತಿಮತ್ತೂರಿನಿಂದ ತಿಳವಳ್ಳಿಗೆ ಸೊಸೆಯಾಗಿ ಬಂದ ವರ್ಷದ ಮಾತು. ಸೀಗಿ ಹುಣ್ಣಿಮೆಯ ದಿನ ಬುತ್ತಿ ಕಟ್ಟಿಕೊಂಡು ಭತ್ತದ ಗದ್ದೆಗೆ ಹೋಗುವುದು, ಹೊಡೆಯೊಳಗೆ ತೆನೆ ಕಟ್ಟಿ ಬಸುರಿಯಂತೆ ನಿಂತ ಪೈರಿಗೆ ಪೂಜೆ ಮಾಡಿ ಬದುವಿನ ಮೇಲೆ ಸಾಲಾಗಿ ಕುಳಿತು ಉಣ್ಣುವುದು ಆ ಮನೆಯ ದೊಡ್ಡ ಹಬ್ಬ. ಉಣ್ಣುತ್ತ ಉಣ್ಣುತ್ತ ಒಬ್ಬೊಬ್ಬರೂ ಒಂದು ಹಾಡು ಹೇಳಬೇಕು. ನನಗೆ ಇದನ್ನು ಯಾರೂ ಮೊದಲೇ ತಿಳಿಸಿರಲಿಲ್ಲ. ನಾನು ಡಿಗ್ರಿ ಓದಿದವಳು, ಆದರೆ ಬಡಿದ ರೊಟ್ಟಿಗಳೆಲ್ಲ ಹರಿಯುತ್ತಿದ್ದವು. ಗಂಗಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನನ್ನ ಹರಿದ ರೊಟ್ಟಿಯ ಹಿಟ್ಟನ್ನು ಅತ್ತೆಯ ಕಣ್ಣಿಗೆ ಬೀಳುವ ಮೊದಲೇ ಮತ್ತೆ ನಾದಿ ತಟ್ಟಿಬಿಡುತ್ತಿದ್ದರು. ಒಲೆಯ ಮುಂದೆ ಆ ವಾರವೆಲ್ಲ ಅವರು ಸಾಲಿಗೆ ಸಾಲು ಜೋಡಿಸುತ್ತ ಏನೋ ಗುನುಗುತ್ತಿದ್ದರು. ಎರಡು ನುಡಿ ನನ್ನ ಕಿವಿಯಲ್ಲಿ ಕುಳಿತಿದ್ದವು.

ಸರದಿ ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ — ಬಾಯಿಗೆ ಬಂದದ್ದು ಅದೇ ಹಾಡು.

ಹೊಡೆ ತುಂಬಿ ನಿಂತಾಳ ಭೂಮಿತಾಯಿ,
ಮಡಿಲು ತುಂಬಾಕ ಬಂದೇವ...

ಹಾಡಿದ್ದು ತಪ್ಪಲ್ಲ. ತಪ್ಪು ಆಮೇಲಿನದು. ಅತ್ತೆ ಊಟ ನಿಲ್ಲಿಸಿ ಕೇಳಿದರು: "ಇದನ್ನ ಯಾರು ಕಟ್ಟ್ಯಾರವಾ?"

"ನಾನ ಕಟ್ಟೇನ್ರಿ."

ಗಂಗಕ್ಕ ಹೋಳಿಗೆ ಬಡಿಸುತ್ತ ನನ್ನ ಎದುರಿಗೇ ಇದ್ದರು. ಕೈ ಒಂದು ಗಳಿಗೆ ನಿಂತಿತು. ಆಮೇಲೆ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದು ಮುಂದೆ ಹೋದರು. ತಮ್ಮ ಸರದಿ ಬಂದಾಗ, ಗಂಟಲು ಕೆಟ್ಟಿದೆ ಅಂದರು.

ಅವತ್ತೇ ರಾತ್ರಿ ಹೇಳಬಹುದಿತ್ತು — ಮರುದಿನವಾದರೂ. ಆದರೆ ಹೊಗಳಿಕೆ ರುಚಿಸಿತ್ತು. ಹಿರೇಕೆರೂರಿನ ನಾದಿನಿ ಹಾಡನ್ನು ಕಲಿತುಕೊಂಡು ಹೋದಳು, ಗಂಡನ ಶಿಗ್ಗಾಂವಿಯ ಸೋದರತ್ತೆ ಕೂಸಿನ ತೊಟ್ಟಿಲ ಮುಂದೆ ಹಾಡಿದರಂತೆ. ಹೋದಲ್ಲೆಲ್ಲ ಅದು ನನ್ನ ಹೆಸರಿನೊಂದಿಗೇ ಹೋಯಿತು. ನಾನು ವರ್ಷವರ್ಷವೂ ಗದ್ದೆಯಲ್ಲಿ ಅದನ್ನೇ ಹಾಡುತ್ತ, ನಗುತ್ತ ಒಪ್ಪಿಕೊಳ್ಳುತ್ತ ಬಂದೆ.

ಈ ವರ್ಷ ಹಬ್ಬಕ್ಕೆ ನಾಲ್ಕು ದಿನ ಮೊದಲು ಮಗಳು ಸಹನಾ ಮೊಬೈಲ್ ಹಿಡಿದು ಮನೆಯವರನ್ನೆಲ್ಲ ಸುತ್ತಿದಳು. ಗದ್ದೆಯಲ್ಲಿ ಕೇಳಲು ಒಬ್ಬೊಬ್ಬರಿಗೂ ಇಷ್ಟವಾದ ಒಂದೊಂದು ಹಾಡನ್ನು ಪಟ್ಟಿ ಮಾಡಿ ಕೂಡಿಹಾಕುವುದು ಅವಳ ಯೋಜನೆ. ಅವಳಪ್ಪ ಒಂದು ಸಿನಿಮಾ ಹಾಡು ಹೇಳಿದರು, ಅತ್ತೆ ಒಂದು ಭಜನೆ. ಗಂಗಕ್ಕ ಏನು ಹೇಳಿದರು ಎಂದು ನಾನೇ ಕೇಳಿದೆ.

"ದೊಡ್ಡವ್ವಗ ನಿನ್ನ ಹಾಡ ಬೇಕಂತ," ಅಂದಳು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋದೆ. ಗಂಗಕ್ಕ ಕಡಲೆಬೇಳೆ ಆರಿಸುತ್ತಿದ್ದರು. ಪಕ್ಕದಲ್ಲಿ ಕುಳಿತು, ಮುಖ ನೋಡದೆಯೇ ಹೇಳಿದೆ: "ಅಕ್ಕಾರ, ಆ ಹಾಡು ನಿಮ್ದು. ನಾ ಕದ್ದೇನಿ."

ಅವರು ಬೇಳೆಯಿಂದ ಕೈ ತೆಗೆಯಲಿಲ್ಲ. "ನೀ ಕದ್ದಿದ್ದು ಎರಡ ನುಡಿ," ಅಂದರು. "ಮೂರನೇದು ನನ್ನ ಹತ್ರನ ಐತಿ."

ಹಾಡಿರೆಂದು ಬೇಡಿದೆ. ಮೆಲ್ಲಗೆ ಹಾಡಿದರು.

ಸವಣೂರ ಸೀಮಿಂದ ಬಂದಾಳ ನನ ತಂಗಿ,
ಸರದು ಕೂಡ್ರಿ, ಆಕಿಗೆ ಜಾಗ ಕೊಡ್ರಿ.

"ಹೊಸದಾಗಿ ಬಂದಿದ್ದಿ, ಅಂಜತಿದ್ದಿ. ಹೊಲದಾಗ ನಿನ್ನ ಮುಂದ ಹಾಡೂನಂತ ಕಟ್ಟಿದ್ದೆ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ.

ನನ್ನನ್ನು ಬರಮಾಡಿಕೊಳ್ಳಲು ಕಟ್ಟಿದ ಹಾಡನ್ನೇ ನಾನು... ಆ ವಾಕ್ಯವನ್ನು ಇವತ್ತಿಗೂ ಮುಗಿಸಲಾರೆ.

ಹಬ್ಬದ ದಿನ ಗದ್ದೆಯಲ್ಲಿ ಎಲೆ ಹಾಕುವ ಮೊದಲು ಎದ್ದು ನಿಂತು ಎಲ್ಲರಿಗೂ ಹೇಳಿದೆ. ಅತ್ತೆಗೆ ಈಗ ಕಿವಿ ಮಂದ. ಎರಡನೇ ಸಲ ಇನ್ನೂ ಗಟ್ಟಿಯಾಗಿ ಹೇಳಬೇಕಾಯಿತು. ಗಂಡ ತಲೆ ತಗ್ಗಿಸಿದರು. ಸಹನಾ ಮೊಬೈಲ್ ತೆಗೆದು ಪಟ್ಟಿಯಲ್ಲಿ ಹಾಡಿನ ಮುಂದಿದ್ದ ನನ್ನ ಹೆಸರು ಅಳಿಸಿ ದೊಡ್ಡವ್ವನ ಹೆಸರು ಬರೆದಳು. ಅತ್ತೆ ಹಿರಿಸೊಸೆಯ ಕಡೆ ತಿರುಗಿ, ಹಾಡವಾ, ಪೂರಾ ಹಾಡು ಅಂದರು.

ಗಂಗಕ್ಕ ಮೂರೂ ನುಡಿ ಹಾಡಿದರು. ಇಷ್ಟು ತುಂಬಿದ ದನಿ ಅವರಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಹೋಳಿಗೆ ಮೆತ್ತಗಿತ್ತು, ಪುಂಡಿಪಲ್ಯ ಹದವಾಗಿತ್ತು, ಮಕ್ಕಳು ಮತ್ತೊಮ್ಮೆ ಹಾಡು ಎಂದು ಅವರ ಸೆರಗು ಜಗ್ಗುತ್ತಿದ್ದರು. ನಾನೂ ಹೊಟ್ಟೆ ತುಂಬ ಉಂಡೆ. ಅಷ್ಟು ಹಗುರಾಗಿ ಆ ಬದುವಿನ ಮೇಲೆ ನಾನು ಎಂದೂ ಕುಳಿತಿರಲಿಲ್ಲ.

ಮರುದಿನ ಹಿರೇಕೆರೂರಿಗೂ ಶಿಗ್ಗಾಂವಿಗೂ ಫೋನ್ ಮಾಡಿ ಹೇಳಿದೆ. ಈಗ ಅದರಿಂದ ಏನಾಗಬೇಕು ಎಂದು ನಾದಿನಿ ನಕ್ಕಳು. ಗಂಗಕ್ಕನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ ಅನ್ನುತ್ತಾರೆ. ಆದರೆ ಇಪ್ಪತ್ತೆರಡು ಹಬ್ಬ ಅವರು ಎಲ್ಲರ ನಡುವೆ ಕುಳಿತು ತಮ್ಮ ಹಾಡನ್ನು ನನ್ನ ಬಾಯಿಂದ ಕೇಳಿದರು — ಆ ಹಬ್ಬಗಳನ್ನು ನಾನು ಅವರಿಗೆ ಹಿಂತಿರುಗಿಸಲಾರೆ.