ಡಿಸ್ಕಿಗೆ ಹಚ್ಚಿದ ಎಣ್ಣೆ

ನನ್ನ ಸೊಸೆ ಮೋಟರ್ ಸೈಕಲ್ ತೆಗೆದುಕೊಂಡು ರೇಸ್ ಟ್ರ್ಯಾಕಿಗೆ ಹೊರಟಿದ್ದಾಳೆ ಎಂಬ ಸುದ್ದಿಯನ್ನು ತದಡಿಯ ತುಂಬ ಹರಡಿದವನು ನಾನೇ. ಹೆಮ್ಮೆಯಿಂದಲ್ಲ, ನಗಿಸುವುದಕ್ಕೆ. ವಯಸ್ಸಿದ್ದಷ್ಟು ಕಾಲ ನಾನು ಟ್ರಾಲರ್ ಬೋಟುಗಳಲ್ಲಿ ಇಂಜಿನ್ ನೋಡಿಕೊಳ್ಳುವ ಡ್ರೈವರ್ ಆಗಿದ್ದವನು. ಮೊಣಕಾಲು ಹೋದ ಮೇಲೆ ಬೋಟು ಹತ್ತುವುದು ನಿಂತಿತು, ಬಂದರಿನ ಚಹಾ ಅಂಗಡಿಯ ಬೆಂಚು ಹತ್ತುವುದು ಶುರುವಾಯಿತು. ಕೆಲಸವಿಲ್ಲದ ಗಂಡಸಿಗೆ ಆ ಬೆಂಚಿನಲ್ಲಿ ಜಾಗ ಬೇಕಾದರೆ ಏನಾದರೂ ಹೇಳಿ ಉಳಿದವರನ್ನು ನಗಿಸುತ್ತಿರಬೇಕು. ನಾನು ಸೊಸೆಯ ಸುದ್ದಿ ಹೇಳಿ ನಗಿಸಿದೆ.

ಅವಳು ಹೊನ್ನಾವರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಾಳೆ. ದಿನಾ ಬೈಕಿನಲ್ಲೇ ಹೋಗಿ ಬರುತ್ತಿದ್ದಳು. ಹೋದ ಬೇಸಿಗೆಯಲ್ಲಿ ಹೈವೇಯ ಒಂದು ತಿರುವಿನಲ್ಲಿ ಎದುರಿಗೆ ಟ್ಯಾಂಕರ್ ನುಗ್ಗಿ ಬಂದಾಗ ಅವಳ ಕೈಕಾಲು ಮರಗಟ್ಟಿತಂತೆ. ಬ್ರೇಕ್ ಹಿಡಿಯಲಿಲ್ಲ, ಪಕ್ಕಕ್ಕೂ ತೆಗೆಯಲಿಲ್ಲ. ಟ್ಯಾಂಕರಿನವನೇ ಬದಿಗೆ ಎಳೆದದ್ದರಿಂದ ಉಳಿದಳು. ಅಂದಿನಿಂದ ತಿರುವು ಕಂಡರೆ ಎದೆ ಹಿಡಿದಂತಾಗುತ್ತದೆ ಎಂದು ನನ್ನ ಹೆಂಡತಿಯ ಹತ್ತಿರ ಹೇಳುತ್ತಿದ್ದುದನ್ನು ನಾನು ಜಗಲಿಯಿಂದ ಕೇಳಿಸಿಕೊಂಡಿದ್ದೆ. ಕೊಯಮತ್ತೂರಿನ ಕಡೆ ಒಂದು ಟ್ರ್ಯಾಕ್ ಇದೆ. ಅಲ್ಲಿ ಕೆಲವು ದಿನ ನಮ್ಮಂಥ ಸಾಮಾನ್ಯರನ್ನೂ ಬಿಟ್ಟು, ಎಲ್ಲಿ ಬ್ರೇಕ್ ಹಿಡಿಯಬೇಕು, ಹೇಗೆ ವಾಲಬೇಕು ಎಂದು ಕಲಿಸುತ್ತಾರೆ. ಅದಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಅಲ್ಲಿಗೆ ಹೋಗಿ ಈ ಹೆದರಿಕೆ ಬಿಡಿಸಿಕೊಳ್ಳಬೇಕು, ಆಗದಿದ್ದರೆ ಬೈಕ್ ಮಾರಿ ಬಸ್ಸು ಹಿಡಿಯಬೇಕು ಎಂದು ಅವಳು ತೀರ್ಮಾನಿಸಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಬೆಂಚಿನಲ್ಲಿ ಈ ಭಾಗವನ್ನು ಮಾತ್ರ ನಾನು ಹೇಳುತ್ತಿರಲಿಲ್ಲ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

"ರೇಸಲ್ಲಿ ಗೆದ್ರೆ ಎಂತ ಕೊಡ್ತ್ರು?" ಎಂದು ಒಂದು ಸಂಜೆ ನಾನೇ ಕೆಣಕಿದೆ.

"ರೇಸ್ ಅಲ್ಲ ಮಾವ. ಅಲ್ಲಿ ಯಾರೂ ಗೆಲ್ಲೂದಿಲ್ಲ."

"ಗೆಲ್ಲೂದಿಲ್ಲ ಅಂದ್ರೆ ಅಷ್ಟು ದೂರ ಹೋಗೂದು ಎಂತಕ್ಕೆ?"

"ಸರಿಯಾಗಿ ತಿರುಗೂಕೆ ಕಲೀಬೇಕು."

"ತಿರುಗೂಕೆ ದೇವಿಮನೆ ಘಾಟಿ ಇಲ್ಯಾ? ಬಿಟ್ಟಿ ಅದೆ."

ನನ್ನ ಹೆಂಡತಿ ಒಳಗಿನಿಂದ, "ಅದ್ರ ತಲೆ ತಿನ್ಬೇಡಿ, ನಿಮ್ಮ ಬೆಂಚಿಗೆ ಹೋಗಿ" ಎಂದಳು.

ತಯಾರಿ ಶುರುವಾದ ಮೇಲೆ ನನ್ನ ಕಸುಬು ಇನ್ನೂ ಸುಲಭವಾಯಿತು. ಮೊದಲ ದಿನ ಕನ್ನಡಿ ಎರಡನ್ನೂ ಬಿಚ್ಚಿ ಒಳಗಿಟ್ಟಳು. ಬಿದ್ದರೆ ಗಾಜು ಚೆಲ್ಲಬಾರದೆಂದು ಹೆಡ್‌ಲೈಟು, ಇಂಡಿಕೇಟರುಗಳ ಮೇಲೆಲ್ಲ ಟೇಪು ಸುತ್ತಿದಳು. ಸ್ಪೀಡು ತೋರಿಸುವ ಮೀಟರಿನ ಮೇಲೂ ಟೇಪು ಬಂತು. ಮೊದಲ ಸಲ ಬಂದವರು ಮುಳ್ಳು ನೋಡದೆ ರಸ್ತೆ ನೋಡಲಿ ಎಂದು ಟ್ರ್ಯಾಕಿನವರು ಹೇಳಿದ್ದರಂತೆ. ಮರುದಿನ ಬೆಂಚಿನಲ್ಲಿ ನಾನು, "ಹಿಂದೆ ಕಾಣೂದಿಲ್ಲ, ಮುಂದೆ ದೀಪ ಇಲ್ಲ, ಸ್ಪೀಡು ಗೊತ್ತಿಲ್ಲ. ಧೃತರಾಷ್ಟ್ರ ಕೂತು ಬಿಡೂ ಬೈಕು ಇದು" ಎಂದೆ. ಚಹಾ ಅಂಗಡಿಯವನು ಕೈಲಿದ್ದ ಸೋಸುವ ಬಟ್ಟೆಯನ್ನು ಹಾಗೇ ಬಿಟ್ಟು ನಕ್ಕ. ಆ ದಿನದ ಚಹಾ ನನಗೆ ಪುಕ್ಕಟೆ.

ಆಮೇಲೆ ಇಂಜಿನ್ ತಣಿಸುವ ಹಸಿರು ಕೂಲೆಂಟನ್ನು ಬಸಿದು ಬರೀ ನೀರು ತುಂಬಿದಳು. ಕೂಲೆಂಟ್ ಟ್ರ್ಯಾಕಿನ ಮೇಲೆ ಸೋರಿದರೆ ಹಿಂದೆ ಬರುವವರು ಜಾರುತ್ತಾರಂತೆ. ಯಾರೋ ಬಳಸಿದ್ದ ಚರ್ಮದ ದಿರಿಸೊಂದನ್ನು ತರಿಸಿಕೊಂಡಿದ್ದಳು. ಕತ್ತಿನಿಂದ ಕಾಲಿನ ಹರಡಿನ ತನಕ ಒಂದೇ ತುಂಡು, ಮೊಣಕಾಲಿಗೆ ಗಟ್ಟಿ ಬಿಲ್ಲೆ. ಸೆಕೆಯಲ್ಲಿ ಅದನ್ನು ತೊಟ್ಟು, ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆ ನಿಂತ ಬೈಕಿನಲ್ಲಿ ಕೂತು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜೋತುಬೀಳುತ್ತಿದ್ದಳು. ಹಾಗೆ ಜೋತುಬಿದ್ದು ತಲೆಯೆತ್ತಿ ದೂರದ ಹಲಸಿನ ಮರ ನೋಡಬೇಕು. ಕಣ್ಣು ಹೋದಲ್ಲಿ ಬೈಕೂ ಹೋಗುತ್ತದಂತೆ. ಬೇಲಿಯಾಚೆ ಹೆಂಗಸರು ನಿಂತು ನೋಡುತ್ತಿದ್ದರು. ನಾನು ಗದರಬೇಕಾಗಿದ್ದದ್ದು ಅವರನ್ನು. ಬದಲಿಗೆ, "ಒಳಗೆ ಬನ್ನಿ, ಟಿಕೆಟ್ ಇಲ್ಲ" ಎಂದೆ.

ಇಷ್ಟು ಹೊತ್ತು ಬರೀ ಬಾಯಿಯ ಪಾಪ. ಕೈಯ ಪಾಪ ಹೊರಡುವ ಬೆಳಿಗ್ಗೆ ನಡೆಯಿತು.

ಹಿಂದಿನ ಸಂಜೆ ಅವಳು ಬೈಕನ್ನು ತಿಕ್ಕಿ ತೊಳೆದಿದ್ದಳು. ನಮ್ಮ ಮನೆ ಅಳಿವೆಯ ಬದಿಗೇ ಇದೆ. ಉಪ್ಪು ಗಾಳಿಗೆ ಒದ್ದೆ ಕಬ್ಬಿಣ ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ. ಬೆಳಿಗ್ಗೆ ಹೊರಗೆ ಬಂದಾಗ ಚಕ್ರದ ಪಕ್ಕದ ದುಂಡಗಿನ ಬ್ರೇಕ್ ಡಿಸ್ಕುಗಳ ಮೇಲೆಲ್ಲ ತೆಳ್ಳಗೆ ತುಕ್ಕು ಕೂತಿತ್ತು. ನನಗೆ ಅಯ್ಯೋ ಅನ್ನಿಸಲಿಲ್ಲ, ಖುಷಿಯಾಯಿತು. ತಿಂಗಳಿಡೀ ಮೊಬೈಲಿನಲ್ಲಿ ಪಾಠ ನೋಡಿದವಳಿಗೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ ಎಂದು ಗೊತ್ತಿಲ್ಲ. ಬೋಟಿನಲ್ಲಿ ನಾವು ಕಲಿಯುವ ಮೊದಲ ಪಾಠವೇ ಅದು. ಮಳೆಗಾಲಕ್ಕೆ ಬೋಟು ದಡಕ್ಕೆಳೆದ ಮೇಲೆ ಕಣ್ಣಿಗೆ ಕಂಡ ಕಬ್ಬಿಣಕ್ಕೆಲ್ಲ ಎಣ್ಣೆ ಸವರಿಯೇ ಮನೆಗೆ ಹೋಗಬೇಕು. ನನ್ನ ಹಳೆಯ ಗಾಡಿಗೂ ಹಾಗೇ ಮಾಡುತ್ತಿದ್ದೆ. ಆದರೆ ಆ ಗಾಡಿಯ ಬ್ರೇಕು ಡಬ್ಬಿಯೊಳಗೆ ಮುಚ್ಚಿಕೊಂಡಿರುತ್ತಿತ್ತು. ಈ ಹೊಸ ಬೈಕಿನಲ್ಲಿ ಬ್ರೇಕ್ ಹಿಡಿಯುವುದು ಆ ಬಯಲು ತಟ್ಟೆಯನ್ನೇ. ಅದನ್ನು ಯೋಚಿಸುವ ತಾಳ್ಮೆ ನನಗಿರಲಿಲ್ಲ.

ಗ್ರೀಸು ಕದಡಿದ ಇಂಜಿನ್ ಎಣ್ಣೆಯಲ್ಲಿ ಬಟ್ಟೆ ಅದ್ದಿ ಎರಡೂ ಡಿಸ್ಕನ್ನು ಒರೆಸಿದೆ. ಲಕಲಕ ಅಂದಿತು. ಉಳಿದ ಎಣ್ಣೆಯನ್ನು ಕಪ್ಪು ಬರಲೆಂದು ಟಯರಿನ ಬದಿಗೂ ಸವರಿದೆ. ಸಹಾಯ ಮಾಡಿದೆ ಎಂದು ಈಗ ಹೇಳಿಕೊಂಡರೆ ಸುಳ್ಳಾಗುತ್ತದೆ. ಅವಳು ಹೊರಡುವಾಗ ನಾಲ್ಕು ಜನರೆದುರು, "ತುಕ್ಕು ತೆಗೆಯೂಕೆ ಈ ಮುದುಕನೇ ಬೇಕಾಯ್ತು" ಎನ್ನುವುದಕ್ಕೆ ಮಾಡಿದೆ.

ನನ್ನ ಮಗನಿಗೆ ಮೀನು ಸಾಗಿಸುವ ಪಿಕಪ್ ಇದೆ. ಬೈಕನ್ನು ಅದರಲ್ಲೇ ಒಯ್ಯುವುದೆಂದಾಗಿತ್ತು. ಹಲಗೆ ಇಟ್ಟು ಹತ್ತಿಸಿದರು. ಬೇಲಿಯ ಹೆಂಗಸರೂ ಬೆಂಚಿನ ಇಬ್ಬರೂ ಬಂದು ನಿಂತಿದ್ದರು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಹಗ್ಗ ಬಿಗಿಯುತ್ತಿದ್ದ ಮಗನಿಗೆ ಅವಳು, "ಡಿಸ್ಕಿಗೆ ಕೈ ತಾಗಿಸ್ಬೇಡಿ. ನಿಮ್ಮ ಕೈಲಿ ಎಣ್ಣೆ ಇರ್ತದೆ. ಒಂದು ಚೂರು ತಾಗಿದ್ರೂ ಬ್ರೇಕ್ ಹಿಡಿಯೂದಿಲ್ಲ" ಎಂದಳು.

ಎಣ್ಣೆ ಹಚ್ಚಿದ್ದೇನೆ ಎಂದು ಆಗಲೇ ಹೇಳಬಹುದಿತ್ತು. ಹಲಗೆ ಇನ್ನೂ ತೆಗೆದಿರಲಿಲ್ಲ. ಆದರೆ ನೋಡುವವರಿದ್ದರು, ಅವರನ್ನು ಕರೆಸಿದವನೂ ನಾನೇ. ಮಗ ತಾಡಪಾಲು ಹೊದೆಸಿದ. ಅವಳು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. "ಆತು, ಹುಷಾರು" ಎಂದೆ. ಬ್ರೇಕಿಲ್ಲದ ಬೈಕು ಕೊಟ್ಟು ಹುಷಾರು ಎಂದ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವರು ಹೋದ ಮೇಲೆ ಬೆಂಚಿಗೆ ಹೋಗಲಿಲ್ಲ. ಟ್ರ್ಯಾಕಿನಲ್ಲಿ ಬೈಕು ಪರೀಕ್ಷೆ ಮಾಡುವವರು ನೋಡಿಯೇ ನೋಡುತ್ತಾರೆ ಎಂದುಕೊಂಡೆ. ನೋಡದಿದ್ದರೆ? ಭಯ ಬಿಡಿಸಿಕೊಳ್ಳಲು ಹೋದವಳು ಮೊದಲ ತಿರುವಿನಲ್ಲಿ ಧೈರ್ಯ ಮಾಡಿ ಬ್ರೇಕ್ ಹಿಡಿಯುತ್ತಾಳೆ, ಬೈಕು ನಿಲ್ಲುವುದಿಲ್ಲ. ಇದೇ ಕಣ್ಣ ಮುಂದೆ ಬರುತ್ತಿತ್ತು. ತಿಂಡಿ ಆಯಿತೇ ಎಂದು ಕೇಳಲು ನನ್ನ ಹೆಂಡತಿ ಫೋನು ಮಾಡಿದಾಗ ಅವರು ಭಟ್ಕಳದಲ್ಲಿ ಚಹಾಕ್ಕೆ ನಿಂತಿದ್ದರು. ನಾನು ಫೋನು ಕಸಿದುಕೊಂಡೆ.

"ಬ್ರೇಕು ಒಮ್ಮೆ ನೋಡ್ಸಿಕೊ" ಎಂದೆ.

"ಅಲ್ಲಿ ನೋಡ್ತಾರೆ ಮಾವ."

"ಅಲ್ಲಲ್ಲ, ಇಲ್ಲೇ. ಡಿಸ್ಕಿಗೆ ನಾನು ಎಣ್ಣೆ ಹಚ್ಚಿದ್ದೆ."

"ಎಂತ ಎಣ್ಣೆ?"

"ಬೋಟಿಂದು. ಗ್ರೀಸೂ ಇತ್ತು."

"ಎರಡಕ್ಕೂವಾ?"

"ಎರಡಕ್ಕೂ. ಟಯರಿಗೂ ಸ್ವಲ್ಪ. ಬದಿಗೆ."

ಅವಳು "ಆತು" ಎಂದು ಫೋನಿಟ್ಟಳು. ನನ್ನ ಹೆಂಡತಿ ನನ್ನನ್ನು ನೋಡಿದಳು. ಬಯ್ಯಲಿಲ್ಲ. ಅಂಗಿ ತಂದುಕೊಟ್ಟು, "ಹೋಗಿ" ಎಂದಳು.

ಬಸ್ಸು ಬದಲಿಸಿ ಕುಮಟಾ, ಹೊನ್ನಾವರ ದಾಟಿ ಭಟ್ಕಳ ಮುಟ್ಟುವಾಗ ಮಧ್ಯಾಹ್ನ. ಬೈಕು ಒಂದು ಗ್ಯಾರೇಜಿನ ಮುಂದೆ ಚಕ್ರ ಬಿಚ್ಚಿಸಿಕೊಂಡು ನಿಂತಿತ್ತು. ಡಿಸ್ಕು ತೊಳೆದಾಗಿತ್ತು. ಆದರೆ ಪಿಕಪ್ಪಿಗೆ ಹತ್ತಿಸಿ ಇಳಿಸುವಾಗ ಬ್ರೇಕ್ ಹಿಡಿದಿದ್ದರಿಂದ, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡುಗಳು ಎಣ್ಣೆ ಕುಡಿದಿದ್ದವು. ಆ ಬೈಕಿನ ಪ್ಯಾಡು ಊರಿನಲ್ಲಿರಲಿಲ್ಲ, ತರಿಸಬೇಕು. ತರಿಸುವಷ್ಟರಲ್ಲಿ ಟ್ರ್ಯಾಕ್ ಡೇ ಮುಗಿದಿರುತ್ತದೆ. ಟಯರು ನೋಡಿ ಮೆಕ್ಯಾನಿಕ್, "ಇದು ಯಾರ ಕೆಲಸ, ಸಾಬ್?" ಎಂದು ಮಗನನ್ನು ಕೇಳಿದ. ಬೈಕು ವಾಲಿದಾಗ ನೆಲ ಹಿಡಿಯುವುದು ನಾನು ಎಣ್ಣೆ ಸವರಿದ ಆ ಅಂಚೇ. ಮಗ ನನ್ನ ಕಡೆ ನೋಡಿ, "ನೀವು ಎಂತಕ್ಕೆ ಬಂದ್ರಿ ಅಪ್ಪ?" ಎಂದ.

ಸೊಸೆ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತಿದ್ದಳು. ಚರ್ಮದ ದಿರಿಸಿನ ಚೀಲ ಮಡಿಲಲ್ಲಿತ್ತು. ನಾನು ಎದುರು ನಿಂತು, ತಪ್ಪಾಯಿತು ಎಂದೆ. ಜೀವನದಲ್ಲಿ ಅಪರೂಪಕ್ಕೆ ಆಡಿದ ಮಾತಾದ್ದರಿಂದ ಸರಿಯಾಗಿ ಬಾಯಿಗೆ ಬರಲಿಲ್ಲ.

"ನೀವು ಫೋನು ಮಾಡದೆ ಇದ್ದಿದ್ರೆ ನಾನು ಇದ್ರಲ್ಲೇ ಟ್ರ್ಯಾಕಿಗೆ ಇಳೀತಿದ್ದೆ" ಎಂದಳು. ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಪರೀಕ್ಷೆಯ ಫಲಿತಾಂಶ ಓದಿ ಹೇಳುವ ಧ್ವನಿ ಅದು.

ಬೈಕನ್ನು ಮತ್ತೆ ಹತ್ತಿಸಿ ತದಡಿಗೆ ತಿರುಗಿದೆವು. ನಾನು ಹಿಂದೆ, ಮೀನಿನ ವಾಸನೆಯಲ್ಲಿ, ಹಗ್ಗ ಹಿಡಿದು ಕೂತೆ. ಮುಂದೆ ಜಾಗವಿತ್ತು. ಯಾರೂ ಕರೆಯಲಿಲ್ಲ.

ಮರುದಿನ ಬೆಂಚಿನಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಸೊಸೆ ಹೆದರಿ ಅರ್ಧ ದಾರಿಯಿಂದ ವಾಪಸು ಬಂದಳು ಎಂದು. ನಾನು ನಿಂತುಕೊಂಡೇ ನಡೆದದ್ದನ್ನೆಲ್ಲ ಹೇಳಿದೆ. ಎಣ್ಣೆ, ಬಟ್ಟೆ, ಟಯರು, ಏನೂ ಬಿಡಲಿಲ್ಲ.

ಚಹಾ ಅಂಗಡಿಯವನು ಲೋಟ ಮುಂದಿಟ್ಟು, "ಬಿಡಿ ಡ್ರೈವರಣ್ಣ, ನಮಗೆ ಗೊತ್ತಾಗೂದಿಲ್ವಾ? ಬೋಟಿನ ಇಂಜಿನ್ ನೋಡಿದ ಜನ ನೀವು, ಬ್ರೇಕಿಗೆ ಎಣ್ಣೆ ಹಾಕ್ತ್ರಾ? ಸೊಸೆ ಮರ್ಯಾದೆ ಉಳಿಸೂಕೆ ಹೇಳ್ತ್ರಿ" ಎಂದ.

ಬೆಂಚು ಹೌದು ಹೌದು ಎಂದಿತು. ಒಳ್ಳೆಯ ಮಾವ ಎಂದು ಒಬ್ಬ ಬೆನ್ನು ತಟ್ಟಿದ. ಆಣೆ ಮಾಡಿದೆ. ಇನ್ನಷ್ಟು ನಕ್ಕರು. ನನ್ನ ಸುಳ್ಳು ತಮಾಷೆಯನ್ನು ಒಂದು ತಿಂಗಳು ಒಂದಕ್ಷರ ಬಿಡದೆ ನಂಬಿದವರು ಈ ಒಂದು ನಿಜವನ್ನು ನಂಬಲಿಲ್ಲ. ನಂಬದಂತೆ ಅವರನ್ನು ತಯಾರು ಮಾಡಿದವನೂ ನಾನೇ.

ಅವಳು ಮುಂದಿನ ಸಲಕ್ಕೆ ಹೆಸರು ಕೊಟ್ಟಿದ್ದಾಳೆ. ಅಲ್ಲಿಯವರೆಗೆ ಬಸ್ಸಿನಲ್ಲಿ ಹೊನ್ನಾವರಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಬಂದರಿನ ದಾರಿಯಲ್ಲಿ ಅವಳು ನಡೆದುಹೋಗುವಾಗ ಬೆಂಚಿನಿಂದ ಯಾರೋ ಬಾಯಲ್ಲಿ ಬೈಕಿನ ಸದ್ದು ಮಾಡುತ್ತಾರೆ. ಅವಳು ತಿರುಗಿ ನೋಡುವುದಿಲ್ಲ. ನಾನು ಅವಳ ಹಿಂದೆ ಸ್ವಲ್ಪ ದೂರ ಬಿಟ್ಟು, ಬಸ್ಸು ಬರುವ ತನಕ, ಕುಂಟುತ್ತ ಹೋಗುತ್ತೇನೆ. ಬರಬೇಡಿ ಎಂದು ಅವಳು ಇನ್ನೂ ಹೇಳಿಲ್ಲ.